ಕಡಲ ನೀರಿನಲ್ಲಿ ಮರ ಕೊಳೆಸುವ ಶಿಲೀಂಧ್ರಗಳು: ಕಾಸರಗೋಡಿನ ತೀರದಲ್ಲಿ ಹುಡುಕಿ, ನೋಡಿ, ಗುರುತಿಸುವ ಸಮಗ್ರ ಮಾರ್ಗದರ್ಶಿ

ಮಳೆಗಾಲ ಮುಗಿಯುವ ಹೊತ್ತಿಗೆ ಮಂಜೇಶ್ವರದಿಂದ ನೀಲೇಶ್ವರದವರೆಗೆ ಯಾವ ಅಳಿವೆಗೆ ಹೋದರೂ ಮರದ ರಾಶಿ ಕಾಣುತ್ತದೆ. ಘಟ್ಟದ ಕಡೆಯಿಂದ ಪಯಸ್ವಿನಿ ಹೊತ್ತು ತಂದ ಕೊರಡು, ಯಾರದೋ ತೋಟದ ತೆಂಗಿನ ಬೊಡ್ಡೆ, ಒಡೆದ ದೋಣಿಯ ಹಲಗೆ, ಕಡಲು ಕೊರೆದಾಗ ಬಿದ್ದ ಗಾಳಿಮರದ ಬೇರು. ಕಸ ಅಂತ ಒಟ್ಟು ಮಾಡಿ ಬೆಂಕಿ ಕೊಡುವವರೇ ಜಾಸ್ತಿ. ಆದರೆ ಈ ಮರದ ಮೇಲೆ ಸಮುದ್ರದಲ್ಲಿ ಮಾತ್ರ ಬದುಕುವ ಶಿಲೀಂಧ್ರಗಳಿವೆ. ಮರದ ಗಟ್ಟಿ ನಾರನ್ನು ಕರಗಿಸಿ ಏಡಿ, ಸಿಗಡಿ, ಹುಳುಗಳಿಗೆ ತಿನ್ನಲು ಆಗುವಂತೆ ಮಾಡುವ ಕೆಲಸದಲ್ಲಿ ಅವುಗಳ ಪಾಲು ದೊಡ್ಡದು. ಅವುಗಳನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ಸೂಕ್ಷ್ಮದರ್ಶಕ, ನಾಲ್ಕು ಡಬ್ಬಿ, ಒಂದು ಬಾಟಲಿ ಕಡಲ ನೀರು ಇದ್ದರೆ ಸಾಕು. ಜೊತೆಗೆ ತಾಳ್ಮೆ ಬೇಕು, ಅದು ಸ್ವಲ್ಪ ಜಾಸ್ತಿಯೇ ಬೇಕು.

ಶಾಲೆಯ ಪರಿಸರ ಕ್ಲಬ್ ನಡೆಸುವವರು, ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದುತ್ತಿರುವವರು, ಸ್ವಂತ ದೋಣಿ ಇರುವವರು, ಸುಮ್ನೆ ಕುತೂಹಲಕ್ಕೆ ಕಡಲ ಬದಿ ಸುತ್ತುವವರು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಇಷ್ಟು ಗೊತ್ತಿರಲಿ

ನೆಲದ ಮೇಲೆ ಬಿದ್ದ ಮರವನ್ನು ಕೊಳೆಸುವುದು ಹೆಚ್ಚಾಗಿ ಅಣಬೆ ಜಾತಿಯವು. ಅವುಗಳಿಗೆ ಗಾಳಿ ಚೆನ್ನಾಗಿ ಬೇಕು. ನೀರಿನಲ್ಲಿ ನೆನೆದು ಕೂತ ಮರದೊಳಗೆ ಗಾಳಿ ಕಡಿಮೆ, ಮೇಲಿಂದ ಉಪ್ಪು ಬೇರೆ. ಹಾಗಾಗಿ ಕಡಲಲ್ಲಿ ಆ ಜಾಗವನ್ನು ಬೇರೆ ಗುಂಪಿನ ಶಿಲೀಂಧ್ರಗಳು ಹಿಡಿದಿವೆ. ಇವುಗಳಲ್ಲಿ ಹೆಚ್ಚಿನವು ಚೀಲದೊಳಗೆ ಬೀಜಕ (ಶಿಲೀಂಧ್ರ ಹರಡಲು ಬಿಡುವ ಅತಿ ಸಣ್ಣ ಬೀಜದಂಥದ್ದು) ಬೆಳೆಸುವ ಆಸ್ಕೊಮೈಸೀಟುಗಳು. ಕಡಲಲ್ಲಿ ಮರ ಕೊಳೆಯುವುದೆಲ್ಲ ಬ್ಯಾಕ್ಟೀರಿಯಾ ಮತ್ತು ಮರ ಕೊರೆಯುವ ಹುಳಗಳಿಂದ ಎಂಬ ಭಾವನೆ ಬಹಳ ಕಾಲ ಇತ್ತು. ಅಮೆರಿಕದ ಬಾರ್ಗೂರ್ನ್ ಮತ್ತು ಲಿಂಡರ್ ಮರದ ತುಂಡುಗಳನ್ನು ಸಮುದ್ರದಲ್ಲಿ ಮುಳುಗಿಸಿಟ್ಟು, ಅವುಗಳ ಮೇಲೆ ಬೆಳೆದ ಶಿಲೀಂಧ್ರಗಳನ್ನು 1944ರಲ್ಲಿ ವಿವರವಾಗಿ ತೋರಿಸಿಕೊಟ್ಟ ಮೇಲೆ ಈ ವಿಷಯಕ್ಕೆ ಗಟ್ಟಿ ನೆಲೆ ಸಿಕ್ಕಿತು.

ಈ ಕೊಳೆತಕ್ಕೆ ಮೆದು ಕೊಳೆತ ಎನ್ನೋಣ. ಶಿಲೀಂಧ್ರದ ಎಳೆ ಮರದ ಜೀವಕೋಶದ ಗೋಡೆಯೊಳಗೇ ನುಗ್ಗುತ್ತದೆ. ಗೋಡೆಯ ಅತಿ ದಪ್ಪನೆಯ ಪದರದಲ್ಲಿ ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸನ್ನು ಕರಗಿಸುತ್ತಾ ಉದ್ದುದ್ದ ಪೊಳ್ಳು ಮಾಡುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ. ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಹೋಗುವ ಕೊಳೆತ ಇದು. ಅದಕ್ಕೇ ಮರದ ಮೈ ಮೆತ್ತಗಾಗಿದ್ದರೂ ಉಗುರಿನಲ್ಲಿ ಕೆರೆದು ತೆಗೆದರೆ ಒಳಗೆ ಗಟ್ಟಿ ಮರವೇ ಸಿಗುತ್ತದೆ. ಒಣಗಿದ ಮೇಲೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಚೌಕದ ಬಿರುಕು ಕಾಣುತ್ತದೆ.

ಗಾಳಿಯೇ ಇಲ್ಲದ ಕಡೆ ಇವುಗಳ ಆಟ ನಡೆಯುವುದಿಲ್ಲ. ಆಳದ ಕೆಸರಿನಲ್ಲಿ ಹೂತ ಮರ ನೂರಾರು ವರ್ಷ ಉಳಿಯುವುದು ಅದರಿಂದಲೇ. ನಮ್ಮ ಕೇರಳದ ಪಟ್ಟಣಂನಲ್ಲಿ 2007ರ ಉತ್ಖನನದಲ್ಲಿ ನೀರು ಜಿನುಗುವ ಮಣ್ಣಿನಡಿ ಸಿಕ್ಕಿದ ಸುಮಾರು 6 ಮೀಟರಿನ ಒಂಟಿಮರದ ದೋಣಿಯನ್ನೇ ತಗೊಳ್ಳಿ. ಸುಮಾರು ಎರಡು ಸಾವಿರ ವರ್ಷ ಹಳೆಯದು, ಹೆಬ್ಬಲಸಿನ ಮರದ್ದು. ಅದೇ ಮರ ಅಲೆ ಬಡಿಯುವ ಜಾಗದಲ್ಲಿ ತೆರೆದು ಬಿದ್ದಿದ್ದರೆ ಇಷ್ಟು ಕಾಲ ಉಳಿಯುತ್ತಲೇ ಇರಲಿಲ್ಲ. ನೀವು ಹುಡುಕಬೇಕಾದದ್ದು ಅಂಥ ತೆರೆದ ಜಾಗದ ಮರವನ್ನು.

ಜಗತ್ತಿನಲ್ಲಿ ಒಟ್ಟು ಎಷ್ಟು ಜಾತಿ ಅಂತ ಕೇಳುತ್ತೀರಾ? 2009ರ ಒಂದು ಪಟ್ಟಿಯಲ್ಲಿ 530 ಕಡಲ ಶಿಲೀಂಧ್ರಗಳಿದ್ದವು. 2015ರ ಪಟ್ಟಿಯಲ್ಲಿ 1,112. ನೋಡುವವರು ಹೆಚ್ಚಾದಷ್ಟೂ ಪಟ್ಟಿ ಬೆಳೆಯುತ್ತಿದೆ. ನಮ್ಮ ಪಕ್ಕದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು ಪಶ್ಚಿಮ ಕರಾವಳಿಯ ಮರದ ತುಂಡು, ಕಾಂಡ್ಲ (ಮ್ಯಾಂಗ್ರೋವ್), ಕಡಲ ನೊರೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಂದರೆ ಇದು ದೂರದ ದೇಶದ ವಿಷಯ ಅಲ್ಲ, ನಮ್ಮ ಹಿತ್ತಿಲಿನದ್ದೇ.

ಏನೇನು ಬೇಕು

ಹೊರಗೆ ಹೋಗುವಾಗ: ಗಟ್ಟಿ ಚೂರಿ ಅಥವಾ ಸಣ್ಣ ಕತ್ತಿ, ಗರಗಸ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಪೆನ್ಸಿಲ್, ಗಟ್ಟಿ ಕಾಗದದ ಚೀಟಿ, ಎರಡು ಲೀಟರಿನ ಖಾಲಿ ಬಾಟಲಿ, ಹಳೆ ಹಲ್ಲುಜ್ಜುವ ಬ್ರಶ್, ದಪ್ಪ ಅಡಿಯ ಚಪ್ಪಲಿ ಅಥವಾ ಬೂಟು. ಪೆನ್ನಿನಲ್ಲಿ ಬರೆದರೆ ನೀರು ತಾಗಿ ಅಳಿಸುತ್ತದೆ, ಪೆನ್ಸಿಲೇ ಆಗಬೇಕು.

ಮನೆಯಲ್ಲಿ: ಮುಚ್ಚಳ ಇರುವ ಪಾರದರ್ಶಕ ಡಬ್ಬಿಗಳು, ಟಿಶ್ಯೂ ಪೇಪರ್, ಬ್ಲೇಡು, ಎರಡು ಹೊಲಿಗೆ ಸೂಜಿ, ಕೈಮಸೂರ, ಸ್ಲೈಡ್, ಕವರ್ ಸ್ಲಿಪ್. ಸೂಜಿಯನ್ನು ಹಳೆ ಪೆನ್ನಿನ ಕಡ್ಡಿಗೆ ಚುಚ್ಚಿ ಮೇಣ ಹಾಕಿಕೊಂಡರೆ ಹಿಡಿಯಲು ಸುಲಭ. ಸೂಕ್ಷ್ಮದರ್ಶಕ ಎರಡು ಬಗೆಯದ್ದು ಇದ್ದರೆ ಒಳ್ಳೆಯದು: ಮರದ ಮೈ ನೋಡಲು 10ರಿಂದ 40 ಪಟ್ಟು ತೋರಿಸುವ ಸ್ಟೀರಿಯೋ, ಬೀಜಕ ನೋಡಲು 400 ಪಟ್ಟು ತೋರಿಸುವ ಮಾಮೂಲಿ ಕಾಲೇಜು ಮೈಕ್ರೋಸ್ಕೋಪ್. ಮೊದಲನೆಯದು ಇಲ್ಲದಿದ್ದರೆ ಒಳ್ಳೆ ಕೈಮಸೂರದಲ್ಲಿ ಕೆಲಸ ನಡೆಯುತ್ತದೆ. ಮನು ಪ್ರಕಾಶ್ ತಂಡ ಮಾಡಿದ ಕಾಗದದ ಫೋಲ್ಡ್‌ಸ್ಕೋಪ್ ನಿಮ್ಮ ಶಾಲೆಯಲ್ಲಿ ಇದ್ದರೆ ಅದೂ ಆಗುತ್ತದೆ. ಸುಮಾರು 140 ಪಟ್ಟು ತೋರಿಸುತ್ತದೆ. ದೊಡ್ಡ ಬೀಜಕಗಳ ಆಕಾರ ತಿಳಿಯಲು ಅಷ್ಟು ಸಾಕು, ಸೂಕ್ಷ್ಮ ಬಾಲಗಳು ಮಾತ್ರ ಸ್ಪಷ್ಟ ಕಾಣುವುದಿಲ್ಲ.

ಮರ ಆರಿಸುವುದು: ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ವ್ಯರ್ಥ

ಮೊನ್ನೆ ಮಳೆಗೆ ಹೊಳೆಯಲ್ಲಿ ಬಂದ ಹಸಿ ಕೊಂಬೆಯಲ್ಲಿ ಕಡಲ ಶಿಲೀಂಧ್ರ ಸಿಗುವುದಿಲ್ಲ. ಮರ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇದ್ದಿರಬೇಕು. ಅದು ಗೊತ್ತಾಗುವುದು ಹೇಗೆ? ಮರದ ಮೇಲೆ ಬಾರ್ನಕಲ್ (ಕಲ್ಲಿನಂಥ ಗಟ್ಟಿ ಚಿಪ್ಪಿನ ಸಣ್ಣ ಕಡಲ ಪ್ರಾಣಿ) ಅಂಟಿದ್ದರೆ, ಸಿಂಪಿಯ ಗುರುತು ಇದ್ದರೆ, ಒಳಗೆ ಬಿಳಿ ಸುಣ್ಣದ ಪದರ ಬಳಿದ ಸುರಂಗಗಳಿದ್ದರೆ ಅದು ಕಡಲಲ್ಲಿ ಚೆನ್ನಾಗಿ ನೆನೆದ ಮರ. ಆ ಸುರಂಗ ಕೊರೆದದ್ದನ್ನು ಹುಳ ಎನ್ನುತ್ತೇವೆ, ನಿಜಕ್ಕೂ ಅದು ಮರುವಾಯಿಯ ಹಾಗೆ ಎರಡು ಚಿಪ್ಪಿನ ಪ್ರಾಣಿ. ಮರದ ಮೈ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿರಬೇಕು, ಉಗುರು ಒತ್ತಿದರೆ ಅಚ್ಚು ಬೀಳಬೇಕು. ಪೂರ್ತಿ ಹಿಟ್ಟಾದದ್ದು ಬೇಡ. ಹೊಸ ಮರದ ಹಾಗೆ ಕೆಂಪಗೆ, ನುಣ್ಣಗೆ ಇರುವುದೂ ಬೇಡ.

ಎಲ್ಲಿ ಹುಡುಕಬೇಕು ಅಂತ ಬಂದರೆ, ನಮ್ಮಲ್ಲಿ ಮೂರು ಥರದ ಜಾಗ ಇದೆ, ಮೂರರಲ್ಲೂ ಸಿಗುವ ಶಿಲೀಂಧ್ರ ಬೇರೆ ಬೇರೆ. ತೆರೆದ ಮರಳತೀರ ಒಂದು. ಉಪ್ಪಳ, ಕುಂಬಳೆ, ಬೇಕಲ ಕೋಟೆಯ ಕೆಳಗೆ ಹೀಗೆ ಎಲ್ಲಾದರೂ ಆಗುತ್ತದೆ, ಮರಳಿನಲ್ಲಿ ಅರ್ಧ ಹೂತ ಮರ ನೋಡಿ. ಎರಡನೆಯದು ಬಂದರಿನ ಬದಿ, ಹಳೆ ಗೂಟ, ದೋಣಿಯ ತುಂಡು. ಮೂರನೆಯದು ಕಾಂಡ್ಲ. ಮೊಗ್ರಾಲ್, ಶಿರಿಯ, ಚಂದ್ರಗಿರಿ ಹೊಳೆಗಳ ಅಳಿವೆಯ ಹತ್ತಿರ ಅಲ್ಲಲ್ಲಿ ಇವೆ, ದಕ್ಷಿಣಕ್ಕೆ ಹೋದರೆ ಕವ್ವಾಯಿ ಹಿನ್ನೀರಿನ ಸುತ್ತ ಇವೆ. ಕಾಂಡ್ಲದ ಸತ್ತ ಕೊಂಬೆ, ಬಿದ್ದ ಊರುಬೇರು ಇವುಗಳಲ್ಲಿ ಸಿಗುವಷ್ಟು ಜಾತಿಗಳು ಬೇರೆ ಕಡೆ ಕಷ್ಟ.

ಕವ್ವಾಯಿ ಕಡೆ ಇನ್ನೊಂದು ಅನುಕೂಲ ಇದೆ. ಪಡನ್ನ, ವಲಿಯಪರಂಬದಲ್ಲಿ ಕಲ್ಲುಮ್ಮಕಾಯಿ (ನೀಲಿಕಲ್ಲು ಚಿಪ್ಪು) ಸಾಕಲು ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟುತ್ತಾರೆ. ಮಳೆ ಶುರುವಾಗುವ ಮೊದಲು ಕೊಯ್ಲು ಮುಗಿಸಿ ಬಿಚ್ಚಿಹಾಕಿದ ಹಳೆ ಬಿದಿರು ಸಿಕ್ಕಿದರೆ ಬಿಡಬೇಡಿ. ಎಷ್ಟು ಕಾಲ ನೀರಿನಲ್ಲಿತ್ತು, ಎಷ್ಟು ಆಳದಲ್ಲಿತ್ತು ಅಂತ ಅದರ ಯಜಮಾನರಿಗೆ ಸರಿಯಾಗಿ ಗೊತ್ತಿರುತ್ತದೆ. ಮಲಯಾಳದಲ್ಲಿ ಇಕ್ಕಾ, ಏಟ್ಟಾ (ಅಣ್ಣಾ), ಚೇಚಿ (ಅಕ್ಕಾ) ಅಂತ ಮಾತಾಡಿಸಿ ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ತೇಲಿ ಬಂದ ಮರಕ್ಕೆ ಇಂಥ ಜಾತಕ ಸಿಗುವುದಿಲ್ಲ.

ಕಾಲ ಯಾವುದು? ನವೆಂಬರಿನಿಂದ ಮೇ ತನಕ ಒಳ್ಳೆಯದು. ಜೂನಿನಿಂದ ಹೊಳೆಗಳೆಲ್ಲ ತುಂಬಿ ಅಳಿವೆಯ ನೀರು ಹೆಚ್ಚು ಕಮ್ಮಿ ಸಿಹಿಯಾಗುತ್ತದೆ, ಕಡಲೂ ಅಪಾಯಕಾರಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಇಳಿತ ಜೋರಾಗಿರುತ್ತದೆ, ಕೆಳಗಿನ ಗೂಟಗಳ ಬುಡ ಕಾಣುತ್ತದೆ. ಇಳಿತದ ಹೊತ್ತು ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮೊದಲೇ ಜಾಗ ಸೇರಿ. ಭರತ ಏರಲು ಶುರುವಾದಾಗ ವಾಪಸ್ ಹೊರಡಿ.

ಜಾಗ್ರತೆಯ ಮಾತು ಕೆಲವಿದೆ. ಕಾಂಡ್ಲದ ಹಸಿ ಗಿಡ ಕಡಿಯಲೇಬಾರದು, ಕರಾವಳಿ ನಿಯಂತ್ರಣ ವಲಯದ ನಿಯಮ ಅವುಗಳಿಗೆ ರಕ್ಷಣೆ ಕೊಟ್ಟಿದೆ. ಬಿದ್ದದ್ದನ್ನು, ಅದೂ ಗೇಣುದ್ದದ ತುಂಡನ್ನು ಮಾತ್ರ ತಗೊಳ್ಳಿ. ಖಾಸಗಿ ಜಾಗವಾದರೆ ಯಜಮಾನರನ್ನು, ಅರಣ್ಯ ಇಲಾಖೆಯ ಜಾಗವಾದರೆ ಅವರನ್ನು ಕೇಳಿ. ಮಲಯಾಳದಲ್ಲಿ ಕಣ್ಣಾಂಪೊಟ್ಟಿ ಎನ್ನುವ ಕಾಂಡ್ಲದ ಗಿಡ ಮುರಿದರೆ ಬಿಳಿ ಹಾಲು ಬರುತ್ತದೆ, ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಅದನ್ನು ಮುಟ್ಟಿದ ಕೈಯಲ್ಲಿ ಮುಖ ಒರೆಸಬೇಡಿ. ಕಾಲಿನಲ್ಲಿ ಗಾಯ ಇದ್ದರೆ ಅಳಿವೆಯ ಕೆಸರಿಗೆ ಇಳಿಯಬೇಡಿ, ಇಲಿಜ್ವರದ ಭಯ ಇರುವ ಊರು ನಮ್ಮದು. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಕೆಸರಿನ ಜಾಗಕ್ಕಿಂತ ಮರಳತೀರವೇ ವಾಸಿ.

ಪ್ರತಿ ತುಂಡನ್ನೂ ಅಲ್ಲೇ ಕಡಲ ನೀರಿನಲ್ಲಿ ತೊಳೆಯಿರಿ. ಬ್ರಶ್ಶಿನಿಂದ ಕೆಸರು ತೆಗೆಯಿರಿ, ಗಟ್ಟಿಯಾಗಿ ತಿಕ್ಕಬೇಡಿ. ಬಾರ್ನಕಲ್ಲುಗಳನ್ನು ಚೂರಿಯಿಂದ ಎಬ್ಬಿಸಿ, ಇಲ್ಲದಿದ್ದರೆ ಮನೆಯಲ್ಲಿ ಸತ್ತು ವಾಸನೆ ತಡೆಯಲಾಗುವುದಿಲ್ಲ. ಒಂದು ಚೀಲಕ್ಕೆ ಒಂದೇ ತುಂಡು. ಚೀಟಿಯಲ್ಲಿ ದಿನಾಂಕ, ಜಾಗ, ಮರ ತೇಲುತ್ತಿತ್ತೋ ಹೂತಿತ್ತೋ ನಿಂತಿತ್ತೋ, ಭರತದ ಗುರುತಿಗಿಂತ ಎಷ್ಟು ಕೆಳಗಿತ್ತು, ಯಾವ ಮರ ಅಂತ ಗೊತ್ತಿದ್ದರೆ ಅದು, ಇಷ್ಟು ಬರೆದು ಚೀಲದ ಒಳಗೆ ಹಾಕಿ. ಬರುವಾಗ ಎರಡು ಲೀಟರು ತಿಳಿ ಕಡಲ ನೀರು ತನ್ನಿ. ಮುಂದೆ ಎಲ್ಲಕ್ಕೂ ಅದೇ ಬೇಕು.

ಮೊದಲ ದಿನವೇ ಏನಾದರೂ ನೋಡಬೇಕು ಅನ್ನುವವರಿಗೆ: ನೊರೆ

ಮರದ ಕೆಲಸಕ್ಕೆ ತಿಂಗಳುಗಳು ಬೇಕು. ಮಕ್ಕಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಅಲ್ವಾ? ಅವರಿಗೆ ಕಡಲ ನೊರೆ ತೋರಿಸಿ. ಕೆಲವು ಕಡಲ ಶಿಲೀಂಧ್ರಗಳ ಬೀಜಕಗಳಿಗೆ ಮುಳ್ಳು, ಕೊಂಬು, ಪೊರೆ ಇರುವುದರಿಂದ ಅವು ನೊರೆಯ ಗುಳ್ಳೆಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿದ ಹಳದಿ ಛಾಯೆಯ ಹಳೆ ನೊರೆಯನ್ನು ಚಮಚದಲ್ಲಿ ಮೆಲ್ಲಗೆ ಎತ್ತಿ ಬಾಟಲಿಗೆ ತುಂಬಿ. ಮರಳು ಆದಷ್ಟು ಬರದಿರಲಿ. ರಾತ್ರಿ ಹಾಗೇ ಇಟ್ಟರೆ ನೊರೆ ಒಡೆದು ಸ್ವಲ್ಪ ನೀರು ಉಳಿಯುತ್ತದೆ. ಅದರ ತಳದಿಂದ ಒಂದು ಹನಿ ಸ್ಲೈಡಿಗೆ ಹಾಕಿ ನೋಡಿ.

ಸಿಗುವ ಸಾಧ್ಯತೆ ಜಾಸ್ತಿ ಇರುವುದು ಕೊರೊಲೊಸ್ಪೋರಾ ಕುಲದ್ದು. ಇದು ಮರದ ಮೇಲೂ ಬೆಳೆಯುತ್ತದೆ, ಮರಕ್ಕೆ ತಾಗಿದ ಮರಳಿನ ಕಣಕ್ಕೆ ಅಂಟಿಕೊಂಡು ತನ್ನ ಕಪ್ಪು ಗುಂಡು ಚೀಲ ಕಟ್ಟುತ್ತದೆ. ಕೊರೊಲೊಸ್ಪೋರಾ ಮಾರಿಟಿಮಾದ ಬೀಜಕ ಕದಿರಿನ ಆಕಾರದ್ದು, ಬಣ್ಣವಿಲ್ಲದ್ದು. ನಡುವೆ ಒಂದು ಅಡ್ಡಗೋಡೆ, ಎರಡೂ ತುದಿಯಲ್ಲಿ ಒಂದೊಂದು ಮುಳ್ಳು. ಹೊರಪೊರೆ ಸುಲಿದು ತುದಿಗಳಲ್ಲೂ ನಡುವಿನಲ್ಲೂ ಜೂಲು ಜೂಲಾಗಿ ನಿಂತಿರುತ್ತದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಮರವನ್ನು ಒದ್ದೆ ಡಬ್ಬಿಯಲ್ಲಿ ಇಡುವುದು

ಇಡೀ ಕೆಲಸದ ಜೀವಾಳ ಇದು. ತಂದ ದಿನವೇ ಮರದ ಮೇಲೆ ಏನೂ ಕಾಣದಿರಬಹುದು. ಶಿಲೀಂಧ್ರದ ಎಳೆ ಒಳಗಿರುತ್ತದೆ, ಬೀಜಕ ಕಟ್ಟಲು ಅದಕ್ಕೆ ಸಮಯ ಬೇಕು.

ಡಬ್ಬಿಯನ್ನು ಕುದಿನೀರಿನಲ್ಲಿ ತೊಳೆಯಿರಿ. ಕಡಲ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿಡಿ. ಡಬ್ಬಿಯ ತಳಕ್ಕೆ ಟಿಶ್ಯೂ ಹಾಸಿ ಈ ನೀರಿನಲ್ಲಿ ಒದ್ದೆ ಮಾಡಿ. ಟಿಶ್ಯೂ ಹಿಂಡಿದರೆ ಎರಡು ಹನಿ ಬೀಳುವಷ್ಟು ಸಾಕು, ಮರ ನೀರಿನಲ್ಲಿ ತೇಲಬಾರದು. ತುಂಡನ್ನು ಮೇಲಿಟ್ಟು ಮುಚ್ಚಳ ಸಡಿಲವಾಗಿ ಮುಚ್ಚಿ. ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗದಲ್ಲಿಡಿ. ನಮ್ಮ ಊರಿನ 25ರಿಂದ 30 ಡಿಗ್ರಿ ಸೆಖೆ ಇವುಗಳಿಗೆ ಸರಿಹೋಗುತ್ತದೆ, ಫ್ರಿಜ್ ಬೇಡ.

ನೀರು ಆರುತ್ತಾ ಹೋದಂತೆ ಉಪ್ಪು ಹೆಚ್ಚಾಗುತ್ತದೆ ಎಂಬುದನ್ನು ನೆನಪಿಡಿ. ಪ್ರತಿಸಲ ಕಡಲ ನೀರನ್ನೇ ಚಿಮುಕಿಸುತ್ತಾ ಹೋದರೆ ಮರದ ಮೇಲೆ ಉಪ್ಪಿನ ಹರಳು ಕಟ್ಟಿ ಎಲ್ಲ ಕೆಡುತ್ತದೆ. ಆರಿದ ನೀರಿನ ಬದಲಿಗೆ ಕುದಿಸಿ ಆರಿಸಿದ ಸಿಹಿನೀರನ್ನು ಸ್ವಲ್ಪ ಸ್ವಲ್ಪ ಕೊಡಿ. ಟಿಶ್ಯೂ ಬದಲಿಸುವಾಗ ಮಾತ್ರ ಕಡಲ ನೀರು.

ಮೊದಲ ವಾರಗಳಲ್ಲಿ ಹಸಿರು, ಬಿಳಿ ಬೂಸ್ಟು ಬರಬಹುದು. ಅದು ನೆಲದ್ದು, ಗಾಳಿಯಲ್ಲಿ ಬಂದದ್ದು. ಗಾಬರಿ ಬೇಡ. ಕುದಿಸಿದ ಕಡಲ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಡಬ್ಬಿ ತೆರೆಯುವಾಗ ಮುಖಕ್ಕೆ ಮಾಸ್ಕ್ ಇರಲಿ, ಅಸ್ತಮಾ ಇರುವವರು ಬೂಸ್ಟು ಹಿಡಿದ ಡಬ್ಬಿಯ ಹತ್ತಿರ ಬರುವುದೇ ಬೇಡ. ಮಲಗುವ ಕೋಣೆಯಲ್ಲೂ ಅಡುಗೆಮನೆಯಲ್ಲೂ ಡಬ್ಬಿ ಇಡಬೇಡಿ.

ಎರಡು ವಾರಕ್ಕೊಮ್ಮೆ ಕೈಮಸೂರ ಹಿಡಿದು ಇಂಚಿಂಚು ನೋಡಿ. ಆರು ತಿಂಗಳು ಹೀಗೆ ನಡೆಯಲಿ. ಸಂಶೋಧಕರು ಒಂದು ವರ್ಷದವರೆಗೂ ಇಟ್ಟು ನೋಡುವುದುಂಟು. ಒಂದು ತಿಂಗಳಿಗೆ ಸಿಕ್ಕಿದ ಜಾತಿ ಬೇರೆ, ನಾಲ್ಕು ತಿಂಗಳಿಗೆ ಸಿಗುವುದು ಬೇರೆ. ಏನೂ ಬರಲಿಲ್ಲ ಅಂತ ಬೇಗ ಎಸೆದುಬಿಟ್ಟರೆ ಒಳ್ಳೊಳ್ಳೆ ಜಾತಿಗಳು ಕೈತಪ್ಪುತ್ತವೆ.

ಚುಕ್ಕಿ ಹುಡುಕಿ, ಬೀಜಕ ತೆಗೆಯುವುದು

ನೋಡಬೇಕಾದದ್ದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅರ್ಧದಷ್ಟಿರುವ ಚುಕ್ಕಿಗಳನ್ನು. ಬೀಜಕ ತುಂಬಿದ ಶಿಲೀಂಧ್ರದ ಚೀಲಗಳೇ ಈ ಚುಕ್ಕಿಗಳು. ಹೆಚ್ಚಿನವು ಕಪ್ಪು ಅಥವಾ ಕಂದು. ಕೆಲವು ಮರದ ಮೇಲೆ ಗುಂಡಗೆ ಕೂತಿರುತ್ತವೆ, ಕೆಲವು ಮರದೊಳಗೆ ಹುದುಗಿ ಬರೀ ಕತ್ತು ಹೊರಗೆ ಹಾಕಿರುತ್ತವೆ. ಮರಳಿನ ಕಣವೋ ಶಿಲೀಂಧ್ರವೋ ಅಂತ ಅನುಮಾನ ಬಂದರೆ ಸೂಜಿಯಿಂದ ಒತ್ತಿ. ಕಣ ಜಾರುತ್ತದೆ, ಚೀಲ ಒಡೆಯುತ್ತದೆ.

ಸ್ಲೈಡಿನ ಮೇಲೆ ಕುದಿಸಿ ಆರಿಸಿದ ಕಡಲ ನೀರಿನ ಒಂದು ಹನಿ ಇಡಿ. ಬ್ಲೇಡಿನ ಮೂಲೆಯಿಂದ ಚುಕ್ಕಿಯನ್ನು ಬುಡಸಮೇತ ಎತ್ತಿ ಹನಿಗೆ ಹಾಕಿ. ಎರಡು ಸೂಜಿಯಿಂದ ಹರಿದು ಬಿಚ್ಚಿ, ಮರದ ಚೂರು ತೆಗೆದುಹಾಕಿ, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ಮೊದಲು 100 ಪಟ್ಟಿನಲ್ಲಿ ಹುಡುಕಿ, ಆಮೇಲೆ 400ಕ್ಕೆ ಹೋಗಿ.

ಕಾಲೇಜಿನಲ್ಲಿ ಕಲಿತವರು ಅಭ್ಯಾಸಬಲದಿಂದ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಬಾಟಲಿಗೆ ಕೈಹಾಕುತ್ತಾರೆ. ಇಲ್ಲಿ ಬೇಡ. ಕಡಲ ಶಿಲೀಂಧ್ರಗಳನ್ನು ಗುರುತಿಸುವುದೇ ಬೀಜಕದ ಬಾಲ, ಕೊಂಬು, ಲೋಳೆಯ ಎಳೆಗಳಿಂದ. ಬಣ್ಣ, ಆಮ್ಲ ತಾಗಿದರೆ ಅವು ಕಾಣದೆ ಹೋಗುತ್ತವೆ. ಮೊದಲು ಕಡಲ ನೀರಿನಲ್ಲೇ ನೋಡಿ, ಚಿತ್ರ ಬರೆದು, ಫೋಟೋ ತೆಗೆದ ಮೇಲೆ ಬೇಕಿದ್ದರೆ ಬಣ್ಣ ಹಾಕಿ. ಹಾಲೋಸಾರ್ಫಿಯಾದಂಥ ಕೆಲವು ಕುಲಗಳಲ್ಲಿ ಬೀಜಕದ ತುದಿಗೆ ಅಂಟಿಕೊಂಡ ಪುಟ್ಟ ಟೊಪ್ಪಿಯ ಹಾಗೆ ಕಾಣುವ ಬಾಲ, ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಬಿಚ್ಚಿಕೊಳ್ಳುತ್ತಾ ಉದ್ದನೆಯ ದಾರವಾಗುತ್ತದೆ. ಅದಕ್ಕೇ ಸ್ಲೈಡನ್ನು ಕೂಡಲೇ ಎಸೆಯಬೇಡಿ. ಕವರ್ ಸ್ಲಿಪ್ಪಿನ ಅಂಚಿಗೆ ಒಂದು ಹನಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಆ ದಾರ ಬಿಚ್ಚಿಕೊಳ್ಳುವುದನ್ನು ನೋಡುವುದಕ್ಕಿಂತ ದೊಡ್ಡ ಸಂತೋಷ ಈ ಕೆಲಸದಲ್ಲಿ ನನಗೆ ಬೇರೆ ಇಲ್ಲ. ಅದೇ ದಾರ ನೀರಿನಲ್ಲಿ ತೇಲುವ ಬೀಜಕ ಇನ್ನೊಂದು ಮರಕ್ಕೆ ಅಂಟಲು ಆಸರೆ.

ಏನು ಸಿಕ್ಕಿತು ಅಂತ ಗುರುತಿಸುವುದು

ಎಲ್ಲ ಜಾತಿಯನ್ನೂ ಇಲ್ಲಿ ಹೇಳಲಾಗುವುದಿಲ್ಲ. ಬೀಜಕ ನೋಡಿದ ಕೂಡಲೇ ಅಂದಾಜು ಮಾಡಬಹುದಾದ ಕೆಲವನ್ನು ಹೇಳುತ್ತೇನೆ.

ಬೀಜಕ ಎರಡು ಕೋಣೆಯದ್ದು, ಬಣ್ಣವಿಲ್ಲ, ಎರಡೂ ತುದಿಯಲ್ಲಿ ಎರಡೆರಡರಂತೆ ಒಟ್ಟು ನಾಲ್ಕು ಕೊಂಬು ಇದ್ದರೆ ಆಂಟೆನೊಸ್ಪೋರಾ ಕ್ವಾಡ್ರಿಕಾರ್ನ್ಯುಟಾ. ಬೆಚ್ಚಗಿನ ಕಡಲಿನದ್ದು, ತೇಲಿ ಬಂದ ಮರದಲ್ಲಿ ನೋಡಿ. ಉದ್ದನೆಯ ಬೀಜಕದ ಒಂದೇ ತುದಿಯಿಂದ ಮೂರು ನಾಲ್ಕು ಕಡ್ಡಿಗಳು ಹರಡಿಕೊಂಡಿದ್ದರೆ ಟಾರ್ಪಿಡೊಸ್ಪೋರಾ ರೇಡಿಯೇಟಾ. ಚೀಲ ಒಡೆದಾಗ ಕೂದಲಿನಂಥ ತೆಳ್ಳಗಿನ, ಬಹಳ ಉದ್ದದ ಬೀಜಕಗಳ ಕಟ್ಟು ಹೊರಬಂದರೆ ಅದು ಲುಲ್ವೊರ್ತಿಯಾ ಗುಂಪು. ಇದಕ್ಕೆ ಬಾಲ ಕೊಂಬು ಇಲ್ಲ, ತುದಿಯಲ್ಲಿ ಲೋಳೆ ತುಂಬಿದ ಸಣ್ಣ ಮೊನೆ ಇರುತ್ತದೆ.

ಕಾಂಡ್ಲದ ಮರದಲ್ಲಿ ಕಂದು ಬಣ್ಣದ ಬೀಜಕಗಳು ಜಾಸ್ತಿ. ಎರಡು ಕೋಣೆ, ಕಂದು, ಮೈಯೆಲ್ಲ ಸಣ್ಣ ಗುಳ್ಳೆ ಇದ್ದರೆ ವೆರುಕ್ಯುಲಿನಾ ಎನಾಲಿಯಾ. ನಾಲ್ಕು ಕೋಣೆ, ನಡುವಿನ ಎರಡು ಕಂದು, ಕೊನೆಯ ಎರಡು ಸಣ್ಣವು, ಬಣ್ಣವಿಲ್ಲದವು ಆದರೆ ಸವೊರಿಯೆಲ್ಲಾ ಲಿಗ್ನಿಕೋಲಾ. ಇವೆರಡೂ ನಮ್ಮ ಕಡೆಯ ಅಳಿವೆಗಳಲ್ಲಿ ಹುಡುಕಲು ಯೋಗ್ಯ.

ಚೀಲ ಇಲ್ಲದೆ ಮರದ ಮೇಲೆ ನೇರವಾಗಿ ಕಂದು ಪುಡಿ ಕಂಡರೆ ಅದನ್ನೂ ನೋಡಿ. ಗುಂಡು ಬೀಜಕಗಳು ಸರ ಸರವಾಗಿದ್ದರೆ ಪೆರಿಕೋನಿಯಾ ಪ್ರೊಲಿಫಿಕಾ ಇರಬಹುದು. ಸುರುಳಿ ಸುತ್ತಿಕೊಂಡ ಕಂದು ಬೀಜಕಗಳಿದ್ದರೆ ಸಿರೆನಾಲಿಯಾ ಅಥವಾ ಅದರ ನೆಂಟರು.

ಅಣಬೆ ಗುಂಪಿನವು ಕಡಲಲ್ಲಿ ಬಹಳ ಕಡಿಮೆ, ಆದರೆ ಇವೆ. ನಿಯಾ ವಿಬ್ರಿಸ್ಸಾ ಎಂಬುದು ಒಂದೆರಡು ಮಿಲಿಮೀಟರಿನ ಬಿಳಿ ಅಥವಾ ಹಳದಿ ಗುಂಡು, ಮೈಮೇಲೆ ರೋಮ. ಒಡೆದರೆ ಒಳಗೆ ಕಾಲುಗಳಿರುವ ಬೀಜಕಗಳ ರಾಶಿ. ಇದು ಸೆಲ್ಯುಲೋಸನ್ನೂ ಲಿಗ್ನಿನನ್ನೂ ತಿನ್ನುತ್ತದೆ. ಕಾಂಡ್ಲದ ಕೊಂಬೆಯ ಮೇಲೆ ಪುಟ್ಟ ಬಿಳಿ ರೋಮದ ಬಟ್ಟಲುಗಳು ಕಂಡರೆ ಹಾಲೊಸೈಫಿನಾ ವಿಲ್ಲೋಸಾ ಇರಬಹುದು.

ಜಾತಿಯ ಹೆಸರು ಖಚಿತವಾಗಿ ಬರೆಯುವ ಮೊದಲು ಬೀಜಕದ ಉದ್ದ ಅಗಲ ಅಳೆಯಿರಿ. ಒಂದಲ್ಲ, ಕನಿಷ್ಠ ಇಪ್ಪತ್ತು ಬೀಜಕ. ಕಣ್ಣಳತೆಯ ಹೆಸರು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಕೊಳೆತವನ್ನೇ ನೋಡುವುದು

ಶಿಲೀಂಧ್ರ ಸಿಕ್ಕಿತು, ಅದು ಮರಕ್ಕೆ ಏನು ಮಾಡಿದೆ? ಮೆತ್ತಗಾದ ಮೇಲ್ಪದರದಿಂದ ಹೊಸ ಬ್ಲೇಡಿನಲ್ಲಿ ಮರದ ನಾರಿನ ಉದ್ದಕ್ಕೆ, ಬೆಳಕು ದಾಟುವಷ್ಟು ತೆಳುವಾದ ಹೊರೆ ತೆಗೆಯಿರಿ. ನೀರಿನ ಹನಿಯಲ್ಲಿಟ್ಟು ನೋಡಿ. ನಾರಿನ ಗೋಡೆಯಲ್ಲಿ ಎರಡೂ ಕಡೆ ಮೊನಚಾದ ಪೊಳ್ಳುಗಳು ಒಂದರ ಹಿಂದೆ ಒಂದು ಓರೆಯಾಗಿ ಸಾಲಾಗಿ ಕಾಣುತ್ತವೆ. ಸೆಲ್ಯುಲೋಸಿನ ಎಳೆ ಹೋದ ದಾರಿಯಲ್ಲೇ ಶಿಲೀಂಧ್ರವೂ ಹೋಗಿರುವುದರಿಂದ ಆ ಓರೆ. ಅಡ್ಡಕ್ಕೆ ಕೊಯ್ದ ಹೊರೆಯಲ್ಲಿ ಅದೇ ಪೊಳ್ಳುಗಳು ಗೋಡೆಯೊಳಗಿನ ಸಣ್ಣ ದುಂಡು ತೂತುಗಳು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸಿಂಗ್ ಹಾಳೆ ಎರಡು ಸಿಕ್ಕಿದರೆ ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಕಣ್ಣಿನ ಮಸೂರದ ಮೇಲೆ ಅಡ್ಡ ಹಿಡಿಯಿರಿ. ಸೆಲ್ಯುಲೋಸ್ ಇರುವ ಗೋಡೆ ಹೊಳೆಯುತ್ತದೆ, ತಿಂದುಹೋದ ಕಡೆ ಕತ್ತಲೆ.

ನೀವೇ ಹಲಗೆ ಕಟ್ಟಿ ಅಳೆಯುವುದು

ಯಾವ ಮರ ಬೇಗ ಕೊಳೆಯುತ್ತದೆ, ಯಾವುದು ತಡೆಯುತ್ತದೆ ಎಂದು ಸ್ವತಃ ತಿಳಿಯಬೇಕಾದರೆ ಇದನ್ನು ಮಾಡಿ. ಮಾವು, ರಬ್ಬರ್ ಮರ, ಹೆಬ್ಬಲಸು, ಸಾಗುವಾನಿಯ ಪಟ್ಟಿಗಳನ್ನು 10 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪಕ್ಕೆ ಬಡಗಿಯ ಹತ್ತಿರ ಕೊಯ್ಸಿ. ಇಷ್ಟು ತೆಳು ಯಾಕೆಂದರೆ, ದಪ್ಪ ಹಲಗೆಗೆ ಕೊರೆಯುವ ಹುಳ ಸೇರಿ ತೂಕವೆಲ್ಲ ಅದೇ ಇಳಿಸುತ್ತದೆ, ಶಿಲೀಂಧ್ರದ ಪಾಲು ಎಷ್ಟು ಅಂತ ಗೊತ್ತಾಗುವುದಿಲ್ಲ.

ಪಟ್ಟಿಗಳನ್ನು 105 ಡಿಗ್ರಿಯ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಚಿನ್ನದ ಕೆಲಸದವರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಪ್ರತಿಯೊಂದಕ್ಕೂ ತೂತು ಕೊರೆದು ನೈಲಾನ್ ದಾರದಲ್ಲಿ ಪೋಣಿಸಿ. ನಡುನಡುವೆ ಪ್ಲಾಸ್ಟಿಕ್ ಪೈಪಿನ ಚೂರು ಹಾಕಿದರೆ ಒಂದಕ್ಕೊಂದು ತಾಗುವುದಿಲ್ಲ. ನಂಬರನ್ನು ಅಲ್ಯುಮಿನಿಯಂ ತಗಡಿನಲ್ಲಿ ಗೀರಿ ಕಟ್ಟಿ. ಭರತ ಇಳಿತದ ನಡುವಿನ ಮಟ್ಟದಲ್ಲಿ, ದೋಣಿಗೂ ಬಲೆಗೂ ತೊಂದರೆ ಆಗದ ಗೂಟಕ್ಕೆ, ಅದರ ಯಜಮಾನರ ಒಪ್ಪಿಗೆ ಪಡೆದು ಕಟ್ಟಿ. ಎರಡು, ನಾಲ್ಕು, ಆರು ತಿಂಗಳಿಗೆ ಕೆಲವನ್ನು ಬಿಚ್ಚಿ ತನ್ನಿ. ಅಕ್ಟೋಬರಿನಲ್ಲಿ ಕಟ್ಟಿದರೆ ಏಪ್ರಿಲಿಗೆ ಮುಗಿಯುತ್ತದೆ, ಮಳೆಗೆ ಸಿಕ್ಕಿ ಕೊಚ್ಚಿಹೋಗುವುದಿಲ್ಲ.

ತಂದದ್ದರಲ್ಲಿ ಅರ್ಧ ಒದ್ದೆ ಡಬ್ಬಿಗೆ, ಅರ್ಧ ತೂಕಕ್ಕೆ. ತೂಗುವ ಮೊದಲು ಮೇಲಿನದ್ದೆಲ್ಲ ಕೆರೆದು, ಸಿಹಿನೀರಿನಲ್ಲಿ ಒಂದೆರಡು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ಬಿಡಿಸಿ, ಮತ್ತೆ ಮೊದಲಿನ ಹಾಗೇ ಒಣಗಿಸಿ. ಉಪ್ಪು ಒಳಗಿದ್ದರೆ ತೂಕ ಸುಳ್ಳು ಹೇಳುತ್ತದೆ. ಇಳಿದ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ಅದೇ ಮರದ ಕೆಲವು ಪಟ್ಟಿಗಳನ್ನು ಮನೆಯಲ್ಲಿ ಕುದಿಸಿದ ಕಡಲ ನೀರಿನ ಬಾಟಲಿಯಲ್ಲೂ ಅಷ್ಟೇ ಕಾಲ ಇಡಿ. ಮರದ ಬಣ್ಣ, ಅಂಟು ನೀರಿಗೆ ಬಿಡುವುದರಿಂದಲೇ ಸ್ವಲ್ಪ ತೂಕ ಹೋಗುತ್ತದೆ, ಅದನ್ನು ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಸರಳ ಪರೀಕ್ಷೆ: ಪಟ್ಟಿಯನ್ನು ಕೈಯಲ್ಲಿ ಮುರಿಯಿರಿ. ಒಳ್ಳೆ ಮರ ಉದ್ದ ಸೀಳು ಬಿಟ್ಟು ಮುರಿಯುತ್ತದೆ, ಕೊಳೆತದ್ದು ಪಟ್ಟನೆ ಮೊಂಡಾಗಿ ತುಂಡಾಗುತ್ತದೆ.

ಸಾಕಿ ಬೆಳೆಸಬೇಕೆಂದರೆ

ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡುವುದು ಒಳ್ಳೆಯದು, ಮನೆಯಲ್ಲಿ ಬೇಡ. 100 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು, 10 ಗ್ರಾಂ ಗ್ಲುಕೋಸ್, 15ರಿಂದ 20 ಗ್ರಾಂ ಅಗರ್ ಸೇರಿಸಿ ಕಡಲ ನೀರಿನಿಂದ ಒಂದು ಲೀಟರು ಮಾಡಿ, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲಿ). ತಳದಲ್ಲಿ ಬಿಳಿ ಗಷ್ಟ ಕೂತರೆ ಅದು ಕಡಲ ನೀರಿನದ್ದು, ತೊಂದರೆ ಇಲ್ಲ. ಬ್ಯಾಕ್ಟೀರಿಯಾ ತಡೆಯಲು ಸ್ಟ್ರೆಪ್ಟೊಮೈಸಿನ್, ಪೆನಿಸಿಲಿನ್ ಸೇರಿಸುತ್ತಾರೆ, ಅದನ್ನು ಅಧ್ಯಾಪಕರ ಎದುರಿಗೇ ಮಾಡಿ. ಬೀಜಕದ ಹನಿಯನ್ನು ಹರಡಿ, ಮರುದಿನ ಮೊಳಕೆ ಬಂದ ಒಂದೊಂದೇ ಬೀಜಕವನ್ನು ಸೂಜಿಯಿಂದ ಎತ್ತಿ ಬೇರೆ ತಟ್ಟೆಗೆ ಹಾಕಬೇಕು. ಬೆಳವಣಿಗೆ ಬಹಳ ನಿಧಾನ. ಎರಡೇ ದಿನದಲ್ಲಿ ತಟ್ಟೆ ತುಂಬಿದರೆ ಅದು ಗಾಳಿಯಿಂದ ಬಿದ್ದ ನೆಲದ ಬೂಸ್ಟು. ಬೆಳೆದದ್ದು ಬೀಜಕ ಕಟ್ಟದೆ ಹಟ ಹಿಡಿದರೆ ಆಟೋಕ್ಲೇವ್ ಮಾಡಿದ ಮರದ ಚಕ್ಕೆಯನ್ನು ತಟ್ಟೆಯಲ್ಲಿಡಿ, ಎಷ್ಟೋ ಸಲ ಅದರ ಮೇಲೆ ಕಟ್ಟುತ್ತವೆ.

ದೋಣಿ ಇರುವವರು ಗಮನಿಸಿ

ಈಗ ಫೈಬರ್ ದೋಣಿಗಳೇ ಜಾಸ್ತಿ, ಆದರೂ ಮರದವು ಇನ್ನೂ ಇವೆ. ಚೂರಿಯ ಮೊನೆ ಒತ್ತಿ ನೋಡುವ ಅಭ್ಯಾಸ ಮಾಡಿ, ಮುಖ್ಯವಾಗಿ ಹಲಗೆಯ ಕೊಯ್ದ ತುದಿಗಳಲ್ಲಿ. ನೀರೂ ಶಿಲೀಂಧ್ರವೂ ಸುಲಭವಾಗಿ ಒಳಹೋಗುವುದು ಅಲ್ಲಿಂದಲೇ. ಮೆದುವಾದ ಪದರವನ್ನು ಕೆರೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆಯೋ ಬಣ್ಣವೋ ಹಚ್ಚಿ. ಒದ್ದೆ ಮರದ ಮೇಲೆ ಹಚ್ಚಿದರೆ ಒಳಗಿನ ನೀರು ಅಲ್ಲೇ ಉಳಿದು ಕೊಳೆತ ಮುಂದುವರಿಯುತ್ತದೆ. ಮರದಲ್ಲಿ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಹಿರಿಯರು ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನಿನ ಎಣ್ಣೆ ಹಚ್ಚುತ್ತಿದ್ದದ್ದು ನೀರು ಒಳಗಿಳಿಯದಂತೆ ತಡೆಯಲಿಕ್ಕೇ. ಅಗ್ಗದ ರಬ್ಬರ್ ಮರವನ್ನು ರಾಸಾಯನಿಕದಲ್ಲಿ ಅದ್ದಿ ದೋಣಿಗೆ ಬಳಸುವ ಬಗ್ಗೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೆಲಸ ಮಾಡಿದೆ. ಅಂಥದ್ದು ಬೇಕಿದ್ದವರು ಅಲ್ಲಿ ವಿಚಾರಿಸಬಹುದು.

ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಹೊಟ್ಟೆಯಲ್ಲಿ ಮಳೆನೀರು ನಿಲ್ಲಲು ಬಿಡಬೇಡಿ. ಸಿಹಿನೀರಿನಲ್ಲಿ ನೆಲದ ಶಿಲೀಂಧ್ರಗಳು ಬರುತ್ತವೆ, ಅವು ಹೊರಗಿನ ಕಡಲ ಶಿಲೀಂಧ್ರಕ್ಕಿಂತ ಬೇಗ ಮರ ತಿನ್ನುತ್ತವೆ. ಓರೆಯಾಗಿ ನಿಲ್ಲಿಸಿ, ಮೇಲೆ ಮುಚ್ಚಿ, ಅಡಿಯಿಂದ ಗಾಳಿ ಆಡುವಂತೆ ಕಟ್ಟಿಗೆ ಕೊಡಿ.

ಬರೆದಿಡುವುದು

ಒಂದು ಪುಸ್ತಕ ಇದಕ್ಕೇ ಇಡಿ. ಯಾವ ತುಂಡು, ಎಲ್ಲಿಯದು, ಡಬ್ಬಿಗೆ ಹಾಕಿದ್ದು ಯಾವಾಗ, ಯಾವ ವಾರದಲ್ಲಿ ಏನು ಕಂಡಿತು, ಬೀಜಕದ ಅಳತೆ, ಚಿತ್ರ. ಏನೂ ಸಿಗದ ತುಂಡನ್ನೂ ಬರೆಯಬೇಕು. ನೋಡಿದ 40 ತುಂಡುಗಳಲ್ಲಿ 10ರಲ್ಲಿ ಒಂದು ಜಾತಿ ಸಿಕ್ಕಿದರೆ ಅದರ ಪ್ರಮಾಣ ಶೇ. 25. ಸಂಶೋಧಕರು ಒಂದು ಊರಿನ ತೀರವನ್ನು ಇನ್ನೊಂದಕ್ಕೆ ಹೋಲಿಸುವುದು ಈ ಲೆಕ್ಕದಿಂದ, ಖಾಲಿ ತುಂಡುಗಳನ್ನು ಬಿಟ್ಟರೆ ಅದು ಹಾಳಾಗುತ್ತದೆ.

ಬೀಜಕ ಇರುವ ಮರದ ಚಕ್ಕೆಯನ್ನು ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಪುಸ್ತಕದ ನಂಬರನ್ನೇ ಅದರ ಮೇಲೂ ಬರೆಯಿರಿ. ಹೆಸರು ತಿಳಿಯದ್ದು, ಪುಸ್ತಕದ ಯಾವ ಚಿತ್ರಕ್ಕೂ ಹೊಂದದ್ದು ಸಿಕ್ಕಿದರೆ ಅಳತೆ, ಫೋಟೋ, ಒಣಗಿದ ಚಕ್ಕೆ ಮೂರನ್ನೂ ಇಟ್ಟುಕೊಂಡು ಕೊಣಾಜೆಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೋಗಿ ಅಧ್ಯಾಪಕರಿಗೆ ತೋರಿಸಿ. ಡಬ್ಬಿಯಲ್ಲಿ ಉಳಿದ ಅರ್ಧ ತುಂಡನ್ನು ಮಾತ್ರ ಎಸೆಯಬೇಡಿ, ಅದನ್ನೂ ನೋಡಬೇಕು ಅಂತ ಅವರು ಕೇಳುತ್ತಾರೆ.